ಡೆಕ್ಕಾದವರ ಕಿವಿ ಕೆಟ್ಟಿರಲಿಲ್ಲ

ಮ್ಯಾನೇಜ್‌ಮೆಂಟ್ ಪಾಠ ಹೇಳುವವರಿಗೆ ಡಿಕ್ ರೋ ಎಂಬ ಹೆಸರು ಬಲು ಪ್ರಿಯ. ಲಂಡನ್ನಿನ ಡೆಕ್ಕಾ ರೆಕಾರ್ಡ್ ಕಂಪನಿಯಲ್ಲಿ ಪಾಪ್ ಹಾಡುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು ಅವರು. 1962ರ ಆರಂಭದಲ್ಲಿ ಲಿವರ್‌ಪೂಲಿನಿಂದ ಬಂದು ಹಾಡಿಹೋದ ನಾಲ್ಕು ಹುಡುಗರನ್ನು ಡೆಕ್ಕಾ ಬೇಡವೆಂದಿತು. ಆ ಹುಡುಗರು ಬೀಟಲ್ಸ್. ಗಿಟಾರ್ ತಂಡಗಳ ಕಾಲ ಮುಗಿಯಿತೆಂದು ಡೆಕ್ಕಾದವರು ತಮಗೆ ಹೇಳಿದರು ಎಂದು ತಂಡದ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್ 1964ರ ತಮ್ಮ ಆತ್ಮಕಥೆಯಲ್ಲಿ ಬರೆದರು. ಹಾಗೆ ಹೇಳಲೇ ಇಲ್ಲ ಎಂದು ರೋ ಕೊನೆಯವರೆಗೂ ಅನ್ನುತ್ತಲೇ ಇದ್ದರು. ಯಾರು ಕೇಳುತ್ತಾರೆ? ಅರವತ್ತು ವರ್ಷಗಳಿಂದ ಜಗತ್ತು ಅವರನ್ನು ನೋಡಿ ನಗುತ್ತಲೇ ಇದೆ.

ನಗುವವರಲ್ಲಿ ಎಷ್ಟು ಜನ ಆ ಟೇಪನ್ನು ಕೇಳಿದ್ದಾರೋ ಗೊತ್ತಿಲ್ಲ. ಅದೇನೂ ಗುಪ್ತ ವಸ್ತುವಲ್ಲ. ಅಂದು ಹಾಡಿದ ಹದಿನೈದು ಹಾಡುಗಳಲ್ಲಿ ಐದು 1995ರಲ್ಲಿ ಹೊರಬಂದ 'ಆಂಥಾಲಜಿ 1' ಸಂಕಲನದಲ್ಲಿವೆ. ಉಳಿದವು ಕಳ್ಳ ಪ್ಲೇಟುಗಳಲ್ಲಿ ದಶಕಗಳಿಂದ ಓಡಾಡುತ್ತಿವೆ. ಮುಂದೆ ಏನಾಯಿತು ಎಂಬುದನ್ನು ಮರೆತು ಅದನ್ನು ಕೇಳಿ ನೋಡಿ. ನನಗಂತೂ ರೋ ಮೇಲಿನ ನಗು ಅಲ್ಲೇ ನಿಂತಿತು. ಆ ಕುರ್ಚಿಯಲ್ಲಿ ನಾನಿದ್ದಿದ್ದರೂ ಪ್ರಾಯಶಃ ಇವರನ್ನು ವಾಪಸು ಕಳಿಸುತ್ತಿದ್ದೆ.

1962ರ ಜನವರಿ 1, ಸೋಮವಾರ. ಆಗ ಇಂಗ್ಲೆಂಡಿನಲ್ಲಿ ಹೊಸವರ್ಷದ ದಿನ ರಜೆಯಿರಲಿಲ್ಲ. ಹಿಂದಿನ ದಿನ ಹಿಮ ಸುರಿಯುತ್ತಿದ್ದಾಗ ವ್ಯಾನಿನಲ್ಲಿ ಗಿಟಾರು, ಡ್ರಮ್ಮು, ಆಂಪ್ಲಿಫೈಯರುಗಳ ನಡುವೆ ತುರುಕಿಕೊಂಡು ಕೂತು, ನಡುವೆ ದಾರಿ ತಪ್ಪಿ, ಹತ್ತು ಗಂಟೆ ಪ್ರಯಾಣ ಮಾಡಿ ಬಂದಿದ್ದ ಹುಡುಗರು. ಜಾನ್ ಲೆನನ್‌ಗೆ 21, ಪಾಲ್ ಮೆಕಾರ್ಟ್ನಿಗೆ 19, ಜಾರ್ಜ್ ಹ್ಯಾರಿಸನ್‌ಗೆ 18, ಡ್ರಮ್ ಬಾರಿಸುವ ಪೀಟ್ ಬೆಸ್ಟ್‌ಗೆ 20. ವೆಸ್ಟ್ ಹ್ಯಾಂಪ್‌ಸ್ಟೆಡ್‌ನ ಸ್ಟುಡಿಯೋಗೆ ಅವರು ಹೊತ್ತಿಗೆ ಸರಿಯಾಗಿ ಬಂದರೆ, ಅವರನ್ನು ಪರೀಕ್ಷಿಸಬೇಕಾದ ಮೈಕ್ ಸ್ಮಿತ್ ಬಂದದ್ದು ತಡವಾಗಿ. ಹುಡುಗರ ಆಂಪ್ಲಿಫೈಯರುಗಳು ಗೊರಗೊರ ಎನ್ನುತ್ತವೆಂದು ಅವನ್ನು ಬದಿಗಿಟ್ಟು ಸ್ಟುಡಿಯೋದ್ದನ್ನೇ ಬಳಸಬೇಕೆಂದರು. ಕೆಂಪು ದೀಪ ಹತ್ತಿತು. ಸುಮಾರು ಒಂದು ಗಂಟೆಯಲ್ಲಿ ಹದಿನೈದು ಹಾಡು. ತಪ್ಪಾದರೆ ಮತ್ತೆ ಹಾಡಿ ತಿದ್ದಿಕೊಳ್ಳುವಷ್ಟು ವ್ಯವಧಾನ ಇರಲಿಲ್ಲ.

ಹಾಡುಗಳನ್ನು ಆಯ್ದವರು ಎಪ್‌ಸ್ಟೈನ್. ತಂಡ ಎಲ್ಲವನ್ನೂ ಬಲ್ಲದು ಎಂದು ತೋರಿಸುವ ಉಮೇದು. ಹಳೆಯ ಸಿನಿಮಾ ಹಾಡು, ನಾಟಕದ ಹಾಡು, ತಮಾಷೆ ಹಾಡು, ಅಮೆರಿಕದ ಕರಿಯರ ರಿದಮ್ ಅಂಡ್ ಬ್ಲೂಸ್, ಎಲ್ಲವೂ ಒಂದೊಂದು ಚಿಟಿಕೆ. ತಮ್ಮದೇ ರಚನೆಗಳು ಮೂರೇ ಮೂರು. ಪಾಲ್‌ನ ಕಂಠ ಭಯಕ್ಕೆ ಬಿಗಿದಿದೆ. ಒಂದೊಂದು ಅಕ್ಷರವನ್ನೂ ಶಾಲೆಯ ವಾರ್ಷಿಕೋತ್ಸವದಲ್ಲಿ ನಿಂತಂತೆ ಬಿಡಿಸಿ ಹಾಡುತ್ತಾನೆ. ಜಾನ್ ಎಲ್ಲಿದ್ದಾನೆಂದು ಹುಡುಕಬೇಕು. ಬೆಸ್ಟ್‌ನ ಡ್ರಮ್ಮು ಹಾಡು ಯಾವುದೇ ಇರಲಿ ಒಂದೇ ದಾರಿಯಲ್ಲಿ ನಡೆಯುತ್ತದೆ. ಆ ದಿನ ಎದೆಗಾರಿಕೆಯಿಂದ ಹಾಡಿದವನು ಎಲ್ಲರಿಗಿಂತ ಚಿಕ್ಕವನಾದ ಜಾರ್ಜ್ ಒಬ್ಬನೇ ಇರಬೇಕು. ಮನೆಯ ಹಿತ್ತಿಲಲ್ಲಿ ಗಂಟಲು ಬಿಚ್ಚಿ ಹಾಡುವ ಹುಡುಗಿಯನ್ನು ಗಂಡಿನ ಕಡೆಯವರ ಮುಂದೆ ಚಾಪೆ ಹಾಕಿ ಕೂರಿಸಿದರೆ ಏನಾಗುತ್ತದೋ ಅದೇ ಇಲ್ಲೂ ಆಗಿದೆ.

ಅದೇ ದಿನ ಡೆಕ್ಕಾದಲ್ಲಿ ಇನ್ನೊಂದು ತಂಡವೂ ಪರೀಕ್ಷೆಗೆ ನಿಂತಿತ್ತು: ಬ್ರಯಾನ್ ಪೂಲ್ ಅಂಡ್ ದ ಟ್ರೆಮೆಲೋಸ್. ಲಂಡನ್ನಿನ ಮಗ್ಗುಲಲ್ಲೇ ಇದ್ದವರು, ಕರೆದಾಗ ಬರಬಲ್ಲವರು. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ರೋ ಮೈಕ್ ಸ್ಮಿತ್‌ಗೆ ಬಿಟ್ಟರು. ಸ್ಮಿತ್ ಹತ್ತಿರದವರನ್ನು ಆರಿಸಿಕೊಂಡರು. ಟ್ರೆಮೆಲೋಸ್ ಸೋತ ಕುದುರೆಯೇನಲ್ಲ. 1963ರಲ್ಲಿ ಅವರ ಹಾಡೊಂದು ಬ್ರಿಟನ್ನಿನ ಪ್ಲೇಟು ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದೇ ವರ್ಷ ಇದೇ ಡಿಕ್ ರೋ, ಸ್ವತಃ ಜಾರ್ಜ್ ಹ್ಯಾರಿಸನ್ ಕೊಟ್ಟ ಸುಳಿವು ಹಿಡಿದು ಹೋಗಿ, ರೋಲಿಂಗ್ ಸ್ಟೋನ್ಸ್ ತಂಡವನ್ನು ಡೆಕ್ಕಾಗೆ ತಂದರು. ಪಾಠ ಹೇಳುವವರು ಕತೆಯ ಈ ಭಾಗಕ್ಕೆ ಬರುವುದು ಕಡಿಮೆ.

ಖ್ಯಾತಿ ಬರುವ ಮುಂಚಿನ ಮುದ್ರಿಕೆಗಳನ್ನು ನಾವು ಸಾಮಾನ್ಯವಾಗಿ ಹಿಂದುಮುಂದಾಗಿ ಕೇಳುತ್ತೇವೆ. ಮರ ಯಾವುದೆಂದು ಗೊತ್ತಿದ್ದು ಬೀಜದಲ್ಲಿ ಕೊಂಬೆ ಹುಡುಕುತ್ತೇವೆ. ಬೀಟಲ್ಸ್ ವಿಷಯದಲ್ಲಿ ಇದು ಇನ್ನೂ ಜಾಸ್ತಿ, ಏಕೆಂದರೆ ಅವರಷ್ಟು ಆರಂಭದ ಚೂರುಗಳನ್ನು ಉಳಿಸಿಕೊಂಡ ತಂಡ ಇನ್ನೊಂದಿರಲಾರದು. 1957ರ ಜುಲೈ 6ರಂದು ವೂಲ್ಟನ್ ಚರ್ಚಿನ ಉತ್ಸವದಲ್ಲಿ ಹದಿನಾರರ ಲೆನನ್ ತನ್ನ ಕ್ವಾರಿಮೆನ್ ತಂಡದೊಂದಿಗೆ ಹಾಡಿದ್ದೂ ಟೇಪಿನಲ್ಲಿ ಉಳಿದಿದೆ. ಅವನು ಪಾಲ್‌ನನ್ನು ಮೊದಲ ಸಲ ಕಂಡದ್ದು ಅದೇ ದಿನ. ಹಾಡಿಗಿಂತ ಗೊರಗೊರ ಸದ್ದೇ ಹೆಚ್ಚಿರುವ ಆ ಟೇಪನ್ನು 1994ರ ಹರಾಜಿನಲ್ಲಿ ಇಎಂಐ ಕಂಪನಿ 78,500 ಪೌಂಡಿಗೆ ಕೊಂಡುಕೊಂಡಿತು. ಕೊಂಡು ಒಳಗಿಟ್ಟಿತು. ಒಳಗಿಟ್ಟದ್ದೇ ಒಳ್ಳೆಯದಾಯಿತು.

ಆದರೆ 1958ರ ಪ್ಲೇಟಿನ ಮಾತು ಬೇರೆ.

ಲಿವರ್‌ಪೂಲಿನ ಕೆನ್ಸಿಂಗ್ಟನ್ ಎಂಬ ಬೀದಿಯ 38ನೇ ನಂಬರಿನ ಮನೆಯಲ್ಲಿ ಪರ್ಸಿ ಫಿಲಿಪ್ಸ್ ಎಂಬವರು ವಿದ್ಯುತ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಮೈಕು, ಒಂದು ಪಿಯಾನೊ, ಪ್ಲೇಟಿನ ಮೇಲೆ ನೇರವಾಗಿ ಗೆರೆ ಕೊರೆಯುವ ಒಂದು ಯಂತ್ರ. ದುಡ್ಡು ಕೊಟ್ಟ ಯಾರೇ ಆದರೂ ಬಂದು ಹಾಡಬಹುದು, ಪದ್ಯ ಓದಬಹುದು, ಮಾತಾಡಬಹುದು. 1958ರ ಜುಲೈನಲ್ಲಿ ಐವರು ಹುಡುಗರು ಜೇಬಿನ ಚಿಲ್ಲರೆ ಕೂಡಿಸಿಕೊಂಡು ಅಲ್ಲಿಗೆ ಬಂದರು. ಜಾನ್, ಪಾಲ್, ಹದಿನೈದಷ್ಟೇ ತುಂಬಿದ್ದ ಜಾರ್ಜ್, ಪಿಯಾನೊಗೆ ಜಾನ್ ಲೋ, ಡ್ರಮ್ಮಿಗೆ ಕಾಲಿನ್ ಹ್ಯಾಂಟನ್.

ಒಂದು ಬದಿಗೆ ಬಡಿ ಹಾಲಿಯ 'ದಟ್‌ಲ್ ಬಿ ದ ಡೇ'. ಹಾಡಿದವನು ಜಾನ್. ಇನ್ನೊಂದು ಬದಿಗೆ ಪಾಲ್ ಕಟ್ಟಿದ 'ಇನ್ ಸ್ಪೈಟ್ ಆಫ್ ಆಲ್ ದ ಡೇಂಜರ್'. ಗಿಟಾರಿನ ತುಣುಕುಗಳಿಗಾಗಿ ಜಾರ್ಜ್‌ನ ಹೆಸರೂ ಸೇರಿಕೊಂಡಿತು. ಮೆಕಾರ್ಟ್ನಿ-ಹ್ಯಾರಿಸನ್ ಎಂಬ ಜೋಡಿ ಹೆಸರಿನ ಬೇರೆ ಹಾಡು ಬೀಟಲ್ಸ್ ಭಂಡಾರದಲ್ಲಿ ಸಿಗುವುದಿಲ್ಲ. ಹಾಡು ಉದ್ದವಾಗುತ್ತಾ ಹೋದಂತೆ, ಮುಳ್ಳು ಪ್ಲೇಟಿನ ನಡುವಿನ ಕಾಗದದ ಹತ್ತಿರ ಬರುತ್ತಿದೆ, ಬೇಗ ಮುಗಿಸಿ ಎಂದು ಫಿಲಿಪ್ಸ್ ಕೈಸನ್ನೆ ಮಾಡುತ್ತಿದ್ದರೆಂದು ಲೋ ಮುಂದೆ ನೆನಪಿಸಿಕೊಂಡಿದ್ದಾರೆ. 78ರ ವೇಗದಲ್ಲಿ ತಿರುಗುವ ಹತ್ತಿಂಚಿನ ಪ್ಲೇಟಿನಲ್ಲಿ ಮೂರು, ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ನಮ್ಮ ರಂಗಗೀತೆಗಳ ಗಾಯಕರೂ ಅರ್ಧ ಗಂಟೆಯ ಆಲಾಪನೆಯನ್ನು ಇದೇ ಮೂರು ನಿಮಿಷಕ್ಕೆ ಹಿಂಡಿದವರು. ಇಂಗ್ಲೆಂಡಿನಲ್ಲಿ ಈ ಪ್ಲೇಟುಗಳ ಕಾಲ ಮುಗಿದ ಮೇಲೂ, ಕೀಲಿ ಕೊಡುವ ಗ್ರಾಮೊಫೋನುಗಳು ಮನೆಮನೆಯಲ್ಲಿದ್ದ ಭಾರತದಲ್ಲಿ ಅವು ಬಿಕರಿಯಾಗುತ್ತಿದ್ದವು. ಅರವತ್ತರ ದಶಕದ ನಡುವಿನವರೆಗೂ ಕಲ್ಕತ್ತಾ ಬಳಿಯ ದಮ್‌ದಮ್ ಕಾರ್ಖಾನೆಯಿಂದ ಬೀಟಲ್ಸ್ ಹಾಡುಗಳೇ 78ರ ಪ್ಲೇಟಾಗಿ ಬಂದವು. ವಿದೇಶದ ಸಂಗ್ರಹಕಾರರು ಇಂದು ಅವಕ್ಕೆ ಬಾಯಿಬಾಯಿ ಬಿಡುತ್ತಾರೆ.

ಫಿಲಿಪ್ಸ್ ಕೊಟ್ಟದ್ದು ಒಂದೇ ಪ್ಲೇಟು. ಅಲ್ಯೂಮಿನಿಯಮ್ ತಟ್ಟೆಯ ಮೇಲೆ ಅರಗಿನಂಥ ಲೇಪ ಬಳಿದದ್ದು, ಪ್ರತಿ ಸಲ ಮುಳ್ಳು ಓಡಿದಾಗಲೂ ಒಂದಿಷ್ಟು ಸವೆಯುವಂಥದ್ದು. ಐವರೂ ಸರದಿಯ ಮೇಲೆ ತಲಾ ಒಂದು ವಾರ ಮನೆಗೆ ಒಯ್ಯುವುದೆಂದು ಒಪ್ಪಂದ. ಪ್ಲೇಟು ಜಾನ್ ಲೋ ಕೈಗೆ ಬಂದಾಗ ಸರದಿ ನಿಂತುಹೋಯಿತು. ಅವರು ತಂಡ ಬಿಟ್ಟರು, ಪ್ಲೇಟು ಅವರ ಮನೆಯಲ್ಲೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಇತ್ತು. 1981ರಲ್ಲಿ ಪಾಲ್ ಮೆಕಾರ್ಟ್ನಿಯವರು ಅದನ್ನು ಕೊಂಡುಕೊಂಡರು. ಕೊಟ್ಟ ಬೆಲೆ ಎಷ್ಟೆಂದು ಇಬ್ಬರೂ ಬಾಯಿಬಿಟ್ಟಿಲ್ಲ. ಅದರಿಂದ ಐವತ್ತರಷ್ಟು ಪ್ರತಿ ಮಾಡಿಸಿ ಗೆಳೆಯರಿಗೆ ಹಂಚಿದರು. ಊರಿಗೆಲ್ಲ ಕೇಳಿಸಿದ್ದು 1995ರಲ್ಲಿ.

ಕೇಳಿದರೆ ಏನಿದೆ? ಬಡಿ ಹಾಲಿಯನ್ನು ಕಿವಿಗೊಟ್ಟು ಕಲಿತ ಹುಡುಗರಿದ್ದಾರೆ. ಗಿಟಾರಿನ ಆರಂಭದ ಸುತ್ತನ್ನು ಹಾಲಿಯ ಪ್ಲೇಟಿನಿಂದ ಬೆರಳು ಬೆರಳಾಗಿ ಇಳಿಸಿಕೊಂಡಿದ್ದಾರೆ. ತಮ್ಮ ಸ್ವಂತ ಹಾಡೂ ಎಲ್ವಿಸ್ ಪ್ರೀಸ್ಲಿಯ ನೆರಳಿನಲ್ಲೇ ನಿಂತಿದೆ. ಹೊಸತು ಎನ್ನುವಂಥದ್ದು ಬಹಳ ಇಲ್ಲ. ಆದರೂ ಎರಡು ಕಂಠಗಳು ಒಂದರ ಪಕ್ಕ ಒಂದು ಕೂತು ಏರಿಳಿಯುವ ಅಭ್ಯಾಸ ಆಗಲೇ ಶುರುವಾಗಿದೆ. ಮುದ್ರಣವಾದ ಕೆಲವೇ ದಿನಗಳಲ್ಲಿ, ಜುಲೈ 15ರಂದು, ಜಾನ್‌ನ ತಾಯಿ ಜೂಲಿಯಾ ಕಾರು ಬಡಿದು ತೀರಿಕೊಂಡರು. ಮಗನಿಗೆ ಬ್ಯಾಂಜೊ ಮೇಲೆ ಮೊದಲ ಪಾಠ ಹೇಳಿಕೊಟ್ಟವರು ಅವರೇ. ಪಾಲ್ ಎರಡು ವರ್ಷ ಮುಂಚೆಯೇ ತಾಯಿಯನ್ನು ಕಳೆದುಕೊಂಡಿದ್ದ.

1960ರಲ್ಲಿ ಪಾಲ್‌ನ ಮನೆಯಲ್ಲಿ ಮಾಡಿಕೊಂಡ ಟೇಪುಗಳೂ ಇವೆ. ಅವನ್ನು ಅಭಿಮಾನಿಗಳು ಪೂಜಿಸುತ್ತಾರೆ, ಕೇಳುವುದು ಪ್ರಯಾಸ. ಡ್ರಮ್ಮಿಲ್ಲ, ಆಗ ತಂಡದಲ್ಲಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ಬಾಸ್ ಗಿಟಾರನ್ನು ಆಗಷ್ಟೇ ಹಿಡಿದಿದ್ದ, ಗುರಿಯಿಲ್ಲದ ಗಿಟಾರು ಮೀಟುವಿಕೆ ನಿಮಿಷಗಟ್ಟಲೆ ಸಾಗುತ್ತದೆ. ಮುಂದೆ ಹೋಗೋಣ.

ಆ ವರ್ಷದ ಆಗಸ್ಟಿನಲ್ಲಿ ಅವರು ಜರ್ಮನಿಯ ಹ್ಯಾಂಬರ್ಗಿಗೆ ಹೋದರು. ಬಂದರು ನಗರ, ರೀಪರ್‌ಬಾನ್ ಎಂಬ ಕುಖ್ಯಾತ ಕೇರಿ, ಕುಡಿದು ಬಡಿದಾಡುವ ನಾವಿಕರ ಮುಂದೆ ರಾತ್ರಿಯಿಡೀ ಬಾರಿಸುವ ಕೂಲಿ. ಲಿವರ್‌ಪೂಲಿನಲ್ಲಿ ಒಂದು ಗಂಟೆ ಹಾಡಿದರೆ ಸಾಕಿತ್ತು. ಇಲ್ಲಿ 1961ರ ಏಪ್ರಿಲಿನಿಂದ ಮೂರು ತಿಂಗಳು ಟಾಪ್ ಟೆನ್ ಕ್ಲಬ್ಬಿನಲ್ಲಿ ದಿನಕ್ಕೆ ಏಳು ಗಂಟೆ, ವಾರದ ಕೊನೆಗೆ ಎಂಟು. ಒಂದೇ ಹಾಡನ್ನು ಹತ್ತು ನಿಮಿಷ ಎಳೆಯಬೇಕು. ಗಿರಾಕಿ ಎದ್ದು ಹೋಗದಂತೆ ಕೂಗಬೇಕು, ಕುಣಿಯಬೇಕು, ಬೈಯಬೇಕು. ಗೊತ್ತಿದ್ದ ಹಾಡುಗಳು ಮುಗಿದ ಮೇಲೆ ಗೊತ್ತಿಲ್ಲದ್ದನ್ನೂ ಹಾಡಬೇಕು. ಯಾವ ಊರಿನ, ಯಾವ ಕಾಲದ ಹಾಡಾದರೂ ಸೈ. ಹತ್ತು ಸಾವಿರ ಗಂಟೆಯ ಸಾಧನೆಯ ಸಿದ್ಧಾಂತ ಮಂಡಿಸಿದ ಲೇಖಕ ಮ್ಯಾಲ್ಕಮ್ ಗ್ಲಾಡ್‌ವೆಲ್ ಈ ಹ್ಯಾಂಬರ್ಗ್ ದಿನಗಳನ್ನು ಉದಾಹರಣೆಯಾಗಿ ಕೊಟ್ಟು ಪ್ರಸಿದ್ಧಗೊಳಿಸಿದರು. ಗಂಟೆಗಳ ಲೆಕ್ಕಕ್ಕಿಂತ ಆ ಗಂಟೆಗಳು ಯಾರ ಮುಂದೆ ಕಳೆದವು ಎಂಬುದು ನನಗೆ ಮುಖ್ಯವೆನ್ನಿಸುತ್ತದೆ. ಕೋಣೆಯಲ್ಲಿ ಕೂತು ಮಾಡುವ ರಿಯಾಜಿನಲ್ಲಿ ಯಾರೂ ಮೇಲೆ ಬಾಟಲಿ ಎಸೆಯುವುದಿಲ್ಲ.

ಹ್ಯಾಂಬರ್ಗಿನಲ್ಲಿ ಮುದ್ರಣವೂ ನಡೆಯಿತು. 1960ರ ಅಕ್ಟೋಬರ್ 15ರಂದು ರೈಲು ನಿಲ್ದಾಣದ ಹತ್ತಿರದ ಅಕುಸ್ಟಿಕ್ ಎಂಬ ಚಿಕ್ಕ ಸ್ಟುಡಿಯೋದಲ್ಲಿ, ಲಿವರ್‌ಪೂಲಿನದೇ ಆದ ರೋರಿ ಸ್ಟಾರ್ಮ್ ತಂಡದ ಲೂ ವಾಲ್ಟರ್ಸ್ ಹಾಡಿದ 'ಸಮರ್‌ಟೈಮ್' ಹಾಡಿಗೆ ಜಾನ್, ಪಾಲ್, ಜಾರ್ಜ್ ಮೂವರೂ ಬಾರಿಸಿದರು. ಆ ದಿನ ಡ್ರಮ್ ಹಿಂದೆ ಇದ್ದವನು ರೋರಿಯ ತಂಡದ ರಿಂಗೊ ಸ್ಟಾರ್. ಜಗತ್ತು ಮುಂದೆ ಒಂದೇ ಉಸಿರಿನಲ್ಲಿ ಹೇಳಲಿದ್ದ ನಾಲ್ಕೂ ಹೆಸರು ಒಂದೇ ಪ್ಲೇಟಿನಲ್ಲಿ ಸೇರಿದ್ದು ಮೊದಲು ಅಲ್ಲಿ. ಕೊರೆದದ್ದು ಕೆಲವೇ ಪ್ರತಿ.

ಮುಂದಿನ ಜೂನಿನಲ್ಲಿ ನಡೆದದ್ದು ಸಂಬಳದ ಕೆಲಸ. ಬರ್ಟ್ ಕೆಂಪ್‌ಫರ್ಟ್ ಜರ್ಮನಿಯ ಹೆಸರಾಂತ ವಾದ್ಯವೃಂದ ನಿರ್ದೇಶಕರು. ಫ್ರಾಂಕ್ ಸಿನಾತ್ರಾ ಹಾಡಿ ಜಗತ್ತಿಗೆಲ್ಲ ಮುಟ್ಟಿಸಿದ 'ಸ್ಟ್ರೇಂಜರ್ಸ್ ಇನ್ ದ ನೈಟ್' ರಾಗ ಅವರದೇ. ಪಾಲಿಡೋರ್ ಕಂಪನಿಗಾಗಿ ಅವರು ಟೋನಿ ಶೆರಿಡನ್ ಎಂಬ ಇಂಗ್ಲಿಷ್ ಗಾಯಕನನ್ನು ಹಿಡಿದಿದ್ದರು. ಶೆರಿಡನ್‌ಗೆ ಹಿಮ್ಮೇಳವಾಗಿ ಬೀಟಲ್ಸ್. ಜಾಗ ಸ್ಟುಡಿಯೋ ಅಲ್ಲ, ಹಾರ್‌ಬುರ್ಗಿನ ಫ್ರೀಡ್ರಿಕ್ ಎಬರ್ಟ್ ಸಭಾಂಗಣದ ವೇದಿಕೆ. 'ಮೈ ಬಾನಿ' ಎಂಬ ಹಳೆಯ ಜನಪದ ಹಾಡನ್ನು ಆರಿಸಿದ್ದಕ್ಕೂ ಕಾರಣವಿತ್ತು: ಜರ್ಮನಿಯ ಮಕ್ಕಳು ಇಂಗ್ಲಿಷ್ ತರಗತಿಯಲ್ಲಿ ಅದನ್ನು ಕಲಿತವರೇ. ಪ್ಲೇಟಿನ ಮೇಲೆ ಬೀಟಲ್ಸ್ ಹೆಸರನ್ನೂ ಹಾಕಲಿಲ್ಲ, 'ಬೀಟ್ ಬ್ರದರ್ಸ್' ಎಂದು ಹಾಕಿದರು. ತಂಡ ತನ್ನದಾಗಿ ಎರಡೇ ಹಾಡು ಗಿಟ್ಟಿಸಿಕೊಂಡಿತು. ಒಂದರಲ್ಲಿ ಜಾನ್ ಹಾಡಿದ. ಇನ್ನೊಂದು, ಮಾತೇ ಇಲ್ಲದ ವಾದ್ಯದ ತುಣುಕು 'ಕ್ರೈ ಫಾರ್ ಎ ಶ್ಯಾಡೋ', ಜಾರ್ಜ್ ಮತ್ತು ಜಾನ್ ಕಟ್ಟಿದ್ದು. ಕುಶಲಿಗಳು ಬಾರಿಸಿದ್ದಾರೆ ಎನ್ನಬಹುದು, ಅಷ್ಟೇ.

ಆದರೆ ಈ ಪ್ಲೇಟು ಹ್ಯಾಂಬರ್ಗಿನಿಂದ ಲಿವರ್‌ಪೂಲಿಗೆ ಬಂತು. ಎಪ್‌ಸ್ಟೈನ್ ತಮ್ಮ ಆತ್ಮಕಥೆಯಲ್ಲಿ ಹೇಳುವಂತೆ, 1961ರ ಅಕ್ಟೋಬರಿನಲ್ಲಿ ತಮ್ಮ ರೆಕಾರ್ಡ್ ಅಂಗಡಿಗೆ ಬಂದ ಗಿರಾಕಿಯೊಬ್ಬ 'ಮೈ ಬಾನಿ' ಕೇಳಿದಾಗಲೇ ತಂಡದ ಹೆಸರು ತಮ್ಮ ಕಿವಿಗೆ ಬಿದ್ದದ್ದು. ಅದಕ್ಕೂ ಮೊದಲೇ ಗೊತ್ತಿರಲೇಬೇಕು ಎಂದು ವಾದಿಸುವವರೂ ಇದ್ದಾರೆ. ಏನೇ ಇರಲಿ, ನವೆಂಬರ್ 9ರ ಮಧ್ಯಾಹ್ನ ಅವರು ಅಂಗಡಿಯಿಂದ ಕೂಗಳತೆಯಲ್ಲಿದ್ದ ಕ್ಯಾವರ್ನ್ ಕ್ಲಬ್ಬಿನ ಮೆಟ್ಟಿಲಿಳಿದು ಹೋಗಿ ತಂಡವನ್ನು ಕಂಡರು. ಮುಂದಿನ ತಿಂಗಳು ಡೆಕ್ಕಾದ ಮೈಕ್ ಸ್ಮಿತ್ ಕೂಡ ಅದೇ ಕ್ಯಾವರ್ನ್‌ಗೆ ಬಂದು, ಕೇಳಿ ಮೆಚ್ಚಿಯೇ ಲಂಡನ್ನಿಗೆ ಕರೆದದ್ದು. ಡೆಕ್ಕಾ ಕತೆಯ ಗಂಟು ಇಲ್ಲಿದೆ. ಸ್ಮಿತ್ ಕೇಳಿದ ತಂಡವೇ ಸ್ಟುಡಿಯೋಗೆ ಬಂತು, ಆದರೆ ಸ್ಮಿತ್ ಕೇಳಿದ ಹಾಡು ಬರಲಿಲ್ಲ. ನೆಲಮಾಳಿಗೆಯಲ್ಲಿ ಬೆವರಿನ ಜನ, ಜಾನ್‌ನ ಕುಹಕ, ಹಾಡಿನ ನಡುವೆ ಬ್ರೆಡ್ಡು ತಿನ್ನುತ್ತಾ ಸಿಗರೇಟು ಸೇದುತ್ತಾ ಮುಂದಿನ ಸಾಲಿನವರೊಂದಿಗೆ ಜಗಳ, ಇವೆಲ್ಲ ಕೆಂಪು ದೀಪದ ಕೆಳಗೆ ಬಿಟ್ಟುಹೋಗಿದ್ದವು. ಡೆಕ್ಕಾದವರ ಕಿವಿ ಕೆಟ್ಟಿರಲಿಲ್ಲ. ಕೇಳಬೇಕಾದದ್ದು ಟೇಪಿನಲ್ಲಿ ಇರಲಿಲ್ಲ.

ತಿರಸ್ಕೃತವಾದ ಆ ಟೇಪೇ ಮುಂದಿನ ಬಾಗಿಲು ತೆರೆದದ್ದು ತಮಾಷೆ. ಎಪ್‌ಸ್ಟೈನ್ ಟೇಪು ಹಿಡಿದು ಕಂಪನಿಯಿಂದ ಕಂಪನಿಗೆ ಅಲೆದರು. ಸ್ಪೂಲನ್ನು ಹೊತ್ತು ತಿರುಗುವುದಕ್ಕಿಂತ ಪ್ಲೇಟು ಸುಲಭವೆಂದು 1962ರ ಫೆಬ್ರವರಿಯಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ ಎಚ್‌ಎಂವಿ ಅಂಗಡಿಗೆ ಹೋಗಿ ಅದರಿಂದ ಪ್ಲೇಟು ಕೊರೆಸಿದರು. ಕೊರೆಯುತ್ತಿದ್ದ ಜಿಮ್ ಫಾಯ್ ಎಂಬವರಿಗೆ ಹಾಡು ಹಿಡಿಸಿತು. ಇದರಲ್ಲಿ ಅವರದೇ ರಚನೆಗಳಿವೆ ಎಂದು ತಿಳಿದಾಗ, ಮೇಲಿನ ಮಹಡಿಯಲ್ಲಿದ್ದ ಸಂಗೀತ ಪ್ರಕಾಶನದ ಸಿಡ್ ಕೋಲ್ಮನ್ ಬಳಿಗೆ ಕಳಿಸಿದರು. ಕೋಲ್ಮನ್ ಅವರು ಇಎಂಐ ಕಂಪನಿಯ ಪಾರ್ಲೊಫೋನ್ ವಿಭಾಗದ ಮುಖ್ಯಸ್ಥ ಜಾರ್ಜ್ ಮಾರ್ಟಿನ್ ಅವರತ್ತ ದಾರಿ ತೋರಿಸಿದರು. ಎಪ್‌ಸ್ಟೈನ್ ಕೈಬರಹವಿದ್ದ ಆ ದಿನಗಳ ಒಂದು ಪ್ಲೇಟು 2016ರಲ್ಲಿ 77,500 ಪೌಂಡಿಗೆ ಹರಾಜಾಯಿತು. ಗೆರ‍್ರಿ ಅಂಡ್ ದ ಪೇಸ್‌ಮೇಕರ್ಸ್ ತಂಡದ ಲೆಸ್ ಮಗ್ವೈರ್ ಅವರ ಅಟ್ಟದಲ್ಲಿ ಅದು ದಶಕಗಳ ಕಾಲ ಬಿದ್ದಿತ್ತು.

ಮಾರ್ಟಿನ್ ಪ್ಲೇಟು ಕೇಳಿ ಕುಣಿದಾಡಲಿಲ್ಲ. ಅವರು ಶಾಸ್ತ್ರೀಯ ಸಂಗೀತ ಕಲಿತವರು, ಓಬೋ ನುಡಿಸುತ್ತಿದ್ದವರು, ಪೀಟರ್ ಸೆಲ್ಲರ್ಸ್‌ನಂಥ ಹಾಸ್ಯಗಾರರ ಪ್ಲೇಟುಗಳಿಗೆ ಹೆಸರಾದವರು. 1962ರ ಜೂನ್ 6ರಂದು ಬೀಟಲ್ಸ್ ಅಬೇ ರೋಡ್ ಸ್ಟುಡಿಯೋಗೆ ಬಂದಾಗ ಶುರುವಿನಲ್ಲಿ ಅವರು ಕೋಣೆಯಲ್ಲೂ ಇರಲಿಲ್ಲ. ಕೆಲಸ ನಡೆಸಿದವರು ಸಹಾಯಕ ರಾನ್ ರಿಚರ್ಡ್ಸ್ ಮತ್ತು ಸೌಂಡ್ ಇಂಜಿನಿಯರ್ ನಾರ್ಮನ್ ಸ್ಮಿತ್. ಮತ್ತೆ ಅದೇ ಆಂಪ್ಲಿಫೈಯರ್ ಪೀಡೆ. ಪಾಲ್‌ನ ಬಾಸ್ ಸ್ಪೀಕರು ಎಷ್ಟು ಕರ್ಕಶವಾಗಿತ್ತೆಂದರೆ, ಕೆನ್ ಟೌನ್‌ಸೆಂಡ್ ಎಂಬ ತಂತ್ರಜ್ಞ ಪ್ರತಿಧ್ವನಿ ಕೋಣೆಯ ದೊಡ್ಡ ಸ್ಪೀಕರನ್ನು ಹೊತ್ತು ತಂದು ಬೆಸುಗೆ ಹಾಕಿ ಕೊಟ್ಟರು. 'ಲವ್ ಮಿ ಡೂ' ಹಾಡು ಬಂದಾಗ ಮಾರ್ಟಿನ್ ಅವರನ್ನು ಕ್ಯಾಂಟೀನಿನಿಂದ ಕರೆಸಿದರು.

ಅವರು ಬಂದು ಮಾಡಿದ ಮೊದಲ ತಿದ್ದುಪಡಿಯ ಕತೆಯನ್ನು ಪಾಲ್ ಎಷ್ಟೋ ಸಲ ಹೇಳಿದ್ದಾರೆ. ಹಾಡಿನ ಹೆಸರಿನ ಮಾತನ್ನು ಅಲ್ಲಿಯವರೆಗೆ ಒಂಟಿಯಾಗಿ ಹಾಡುತ್ತಿದ್ದವನು ಜಾನ್. ಅದರ ಕೊನೆಯ ಅಕ್ಷರ ಮುಗಿಯುವ ಮೊದಲೇ ಅವನು ಮೌತ್ ಆರ್ಗನ್ ತುಟಿಗಿಡಬೇಕು. ಎರಡೂ ಆಗುವುದಿಲ್ಲ, ಆ ಮಾತನ್ನು ಪಾಲ್ ಹಾಡಲಿ ಎಂದರು ಮಾರ್ಟಿನ್. ವಾದ್ಯವೆಲ್ಲ ನಿಂತು ಒಂದು ಕ್ಷಣ ಕಂಠ ಮಾತ್ರ ಉಳಿಯುವ ಜಾಗ ಅದು. ತಯಾರಿಯೇ ಇಲ್ಲದೆ ಹಾಡಿದೆ, ಇವತ್ತಿಗೂ ಕೇಳಿದರೆ ನನ್ನ ದನಿಯ ನಡುಕ ನನಗೆ ಗೊತ್ತಾಗುತ್ತದೆ ಎನ್ನುವುದು ಪಾಲ್ ಅವರ ಮಾತಿನ ಸಾರ.

ಕೆಲಸ ಮುಗಿದ ಮೇಲೆ ಮಾರ್ಟಿನ್ ಹುಡುಗರನ್ನು ಮೇಲಿನ ಕೋಣೆಗೆ ಕರೆದು ಅವರ ಸಲಕರಣೆಗಳ ಹುಳುಕನ್ನೆಲ್ಲ ಬಿಡಿಸಿ ಹೇಳಿದರು. ಅವರು ತುಟಿಪಿಟಕ್ಕೆನ್ನಲಿಲ್ಲ. ನಿಮಗೇನಾದರೂ ಹಿಡಿಸದ್ದಿದ್ದರೆ ಹೇಳಿ ಎಂದಾಗ ಜಾರ್ಜ್, ನಿಮ್ಮ ಟೈ ನನಗೆ ಹಿಡಿಸಲಿಲ್ಲ ಎಂದ. ಅಲ್ಲಿಂದ ಮಾತು ಹರಿಯಿತು, ನಗು ನಿಲ್ಲಲಿಲ್ಲ. ಹಾಸ್ಯಗಾರರೊಂದಿಗೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಮನುಷ್ಯನಿಗೆ ಮೈಕಿನ ಮುಂದೆ ಕಾಣದ್ದು ಮೈಕು ಆರಿದ ಮೇಲೆ ಕಂಡಿತು. ಒಪ್ಪಂದವೇನೂ ಉದಾರವಾಗಿರಲಿಲ್ಲ: ಎರಡು ಬದಿಯ ಒಂದು ಪ್ಲೇಟು ಮಾರಾಟವಾದರೆ ಇಡೀ ತಂಡಕ್ಕೆ ಒಂದು ಪೆನ್ನಿ.

'ಲವ್ ಮಿ ಡೂ' ಮೂರು ಸಲ ಮುದ್ರಣವಾಯಿತು, ಮೂರು ಬೇರೆ ಬೇರೆ ಡ್ರಮ್ಮರುಗಳೊಂದಿಗೆ. ಜೂನಿನಲ್ಲಿ ಪೀಟ್ ಬೆಸ್ಟ್. ಆತನ ಬಡಿತ ಮಾರ್ಟಿನ್‌ಗೆ ಸಮಾಧಾನ ತರಲಿಲ್ಲ. ಆಗಸ್ಟ್ 16ರಂದು ಎಪ್‌ಸ್ಟೈನ್ ಬೆಸ್ಟ್‌ನನ್ನು ಕರೆದು ತಂಡದಿಂದ ಕೈಬಿಟ್ಟಿದ್ದೇವೆಂದು ಹೇಳಿದರು. ಸೆಪ್ಟೆಂಬರ್ 4ಕ್ಕೆ ರಿಂಗೊ. ಅದೂ ಸಾಲದೆಂದು ಸೆಪ್ಟೆಂಬರ್ 11ಕ್ಕೆ ಸ್ಟುಡಿಯೋ ಕಲಾವಿದ ಆಂಡಿ ವೈಟ್. ಅಂದು ರಿಂಗೊ ಕೈಗೆ ಬಂದದ್ದು ಟ್ಯಾಂಬರಿನ್ ಮಾತ್ರ. ಆ ಸಂಕಟವನ್ನು ಅವರು ಮಾರ್ಟಿನ್ ಮೇಲೆ ಬಹುಕಾಲ ಸಾಧಿಸಿದರು. ಅಕ್ಟೋಬರ್ 5ರಂದು ಬಂದ ಪ್ಲೇಟಿನಲ್ಲಿ ಇದ್ದದ್ದು ರಿಂಗೊ ಬಾರಿಸಿದ್ದು. ಮುಂದೆ ಎಲ್‌ಪಿಗೆ ಹೋದದ್ದು ವೈಟ್ ಬಾರಿಸಿದ್ದು. ಟ್ಯಾಂಬರಿನ್ ಕೇಳಿಸಿದರೆ ಡ್ರಮ್ಮಿನಲ್ಲಿರುವುದು ರಿಂಗೊ ಅಲ್ಲ ಎಂದು ತಿಳಿದುಕೊಳ್ಳಬೇಕು. ಹಾಡು ಪಟ್ಟಿಯಲ್ಲಿ ಹದಿನೇಳಕ್ಕೇರಿ ನಿಂತಿತು.

ಆ ವರ್ಷದ ಕೊನೆಗೆ, ಹಳೆಯ ಒಪ್ಪಂದ ತೀರಿಸಲು, ಮನಸ್ಸಿಲ್ಲದ ಮನಸ್ಸಿನಿಂದ ಅವರು ಮತ್ತೊಮ್ಮೆ ಹ್ಯಾಂಬರ್ಗಿಗೆ ಹೋದರು. ಸ್ಟಾರ್ ಕ್ಲಬ್ಬಿನಲ್ಲಿ ಡಿಸೆಂಬರ್ 18ರಿಂದ 31. ಕ್ಲಬ್ಬಿನ ವೇದಿಕೆ ನೋಡಿಕೊಳ್ಳುತ್ತಿದ್ದ ಏಡ್ರಿಯನ್ ಬಾರ್ಬರ್ ಒಂದು ಗ್ರುಂಡಿಗ್ ಟೇಪ್ ರೆಕಾರ್ಡರ್ ಇಟ್ಟು, ಒಂದು ಮೈಕು ತೂಗಿಬಿಟ್ಟು, ಟೇಪು ಓಡಿಸಿದರು. ಲಿವರ್‌ಪೂಲಿನದೇ ಇನ್ನೊಂದು ತಂಡದ ನಾಯಕ ಟೆಡ್ 'ಕಿಂಗ್‌ಸೈಜ್' ಟೇಲರ್ ಬಳಿ ಆ ಸ್ಪೂಲುಗಳು ಉಳಿದವು. 1977ರಲ್ಲಿ ಎಲ್‌ಪಿಯಾಗಿ ಹೊರಬಂದವು.

ಮೂವತ್ತರಷ್ಟು ಹಾಡುಗಳಿರುವ ಈ ಟೇಪಿನ ದನಿ ಹೀನಾಯ. ಕಂಠ ಹಿಂದೆ, ಗಿಟಾರು ಮುಂದೆ, ಬಾಟಲಿ ಲೋಟಗಳ ಸದ್ದು ಎಲ್ಲೆಡೆ. ಆದರೆ ಕೇಳಿ. ಡೆಕ್ಕಾದಲ್ಲಿ ಹಾಡಿದ, ಜೂನಿನಲ್ಲಿ ಅಬೇ ರೋಡಿನಲ್ಲೂ ಹಾಡಿದ 'ಬೇಸಮೆ ಮುಚೊ' ಇಲ್ಲೂ ಇದೆ. ಮೆಕ್ಸಿಕೋದ ಕಾನ್ಸುಎಲೊ ವೆಲಾಸ್ಕೆಸ್ ಕಟ್ಟಿದ ಪ್ರೇಮಗೀತೆ. ಒಂದೇ ಹಾಡು, ಒಂದೇ ವರ್ಷ, ಮೂರು ಕೋಣೆ. ಡೆಕ್ಕಾದಲ್ಲಿ ಪಾಲ್ ಅದನ್ನು ಪರೀಕ್ಷೆ ಬರೆದಂತೆ ಹಾಡಿದ್ದ. ಅಬೇ ರೋಡಿನಲ್ಲಿ ಸ್ವಲ್ಪ ಬಿಸಿ ಏರಿತ್ತು. ಇಲ್ಲಿ ಅದು ಅರ್ಧ ಲಾವಣಿ, ಅರ್ಧ ಅಣಕ, ಎಲ್ಲ ವೇಗ. ಒಂದು ಹಾಡು ಮುಗಿದು ಚಪ್ಪಾಳೆ ನಿಲ್ಲುವ ಮೊದಲೇ ಇನ್ನೊಂದಕ್ಕೆ ಜಿಗಿಯುತ್ತಾರೆ. ಜಾನ್ ಜನರನ್ನು ಹಂಗಿಸುತ್ತಾನೆ, ಪಾಲ್ ಹಾಡುತ್ತಿರುವಾಗಲೇ ಅವನ ಮಾತನ್ನು ತಿರುಚಿ ಕೂಗುತ್ತಾನೆ. ಕ್ಲಬ್ಬಿನ ಕಾವಲು ನೋಡಿಕೊಳ್ಳುವ, ಹಿಂದೊಮ್ಮೆ ಬಾಕ್ಸರ್ ಆಗಿದ್ದ ಹೋರ್ಸ್ಟ್ ಫಾಷರ್ ವೇದಿಕೆ ಹತ್ತಿ ಒಂದು ಹಾಡು ಹಾಡಿಯೇ ಇಳಿಯುತ್ತಾರೆ. ರಿಂಗೊ ಹಿಂದೆ ಕೂತು ಒಂದಿಷ್ಟೂ ಕದಲದೆ ಓಟ ಹಿಡಿದಿದ್ದಾನೆ. ಬೆಸ್ಟ್ ಹೋಗಿ ಈತ ಬಂದದ್ದು ಏಕೆ ಎಂಬ ಪ್ರಶ್ನೆಗೆ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಉತ್ತರಿಸುವ ಟೇಪು ಇದು.

ಅತ್ಯುತ್ತಮ ಸ್ಟುಡಿಯೋ ಹಿಡಿದದ್ದು ಕಡಿಮೆ, ಅತ್ಯಂತ ಕೆಟ್ಟ ಮೈಕು ಹಿಡಿದದ್ದು ಹೆಚ್ಚು. ಬೀಟಲ್ಸ್ ಮಾತ್ರ ಇದನ್ನು ಒಪ್ಪಲಿಲ್ಲ. 1977ರಲ್ಲೇ ಕೋರ್ಟಿಗೆ ಹೋಗಿ ಸೋತರು. 1998ರಲ್ಲಿ ಲಂಡನ್ ಹೈಕೋರ್ಟಿನಲ್ಲಿ ಜಾರ್ಜ್ ಹ್ಯಾರಿಸನ್ ಅವರೇ ಸಾಕ್ಷಿ ಹೇಳಿದರು. ಬಿಯರ್ ಕೊಡಿಸಿದ್ದಕ್ಕೆ ಬದಲಾಗಿ ಮುದ್ರಿಸಲು ಲೆನನ್ ಒಪ್ಪಿದ್ದರು ಎನ್ನುವುದು ಟೇಲರ್ ಅವರ ವಾದ. ಒಬ್ಬ ಕುಡುಕ ಇನ್ನಷ್ಟು ಕುಡುಕರನ್ನು ಮುದ್ರಿಸಿಕೊಂಡರೆ ಅದು ಕರಾರಾಗುವುದಿಲ್ಲ ಎಂಬ ಅರ್ಥದಲ್ಲಿ ಹ್ಯಾರಿಸನ್ ಉತ್ತರಿಸಿದರು. ಬೀಟಲ್ಸ್ ಗೆದ್ದರು, ಟೇಪುಗಳು ಅವರ ವಶಕ್ಕೆ ಬಂದವು. ತಮ್ಮ ಕೆಟ್ಟ ದನಿಯನ್ನು ಕಲಾವಿದರು ಬಚ್ಚಿಡಲು ಬಯಸುವುದು ಸಹಜವೇ. ಆದರೆ ಡೆಕ್ಕಾದ ಐದು ಹಾಡುಗಳಿಗೆ ತಮ್ಮ ಸಂಕಲನದಲ್ಲಿ ಗೌರವದ ಜಾಗ ಕೊಟ್ಟವರು ಇದಕ್ಕೆ ಕೊಡಲಿಲ್ಲವಲ್ಲ ಎಂಬುದು ನನ್ನ ತಕರಾರು.

ಜಾರ್ಜ್ ಮಾರ್ಟಿನ್‌ಗೆ ಮಾತ್ರ ಆ ಟೇಪು ಕೇಳದೆಯೇ ವಿಷಯ ಹೊಳೆದಿತ್ತು. ಮೊದಲ ಎಲ್‌ಪಿಯನ್ನು ಕ್ಯಾವರ್ನ್ ಕ್ಲಬ್ಬಿನಲ್ಲೇ, ಜನರ ನಡುವೆಯೇ ಮುದ್ರಿಸಿದರೆ ಹೇಗೆಂದು ನೋಡಲು ಅವರು 1962ರ ಡಿಸೆಂಬರಿನಲ್ಲಿ ಲಿವರ್‌ಪೂಲಿಗೆ ಹೋಗಿಬಂದರು. ಇಟ್ಟಿಗೆಯ ಕಮಾನು, ಗೋಡೆಯಿಂದ ತೊಟ್ಟಿಕ್ಕುವ ನೀರು, ಅಲ್ಲಿ ಮೈಕು ಇಡುವುದು ಸಾಧ್ಯವಿರಲಿಲ್ಲ. ಹಾಗಾದರೆ ಕ್ಯಾವರ್ನಿನಲ್ಲಿ ಹಾಡುವುದನ್ನೇ ಇಲ್ಲಿ ಬಂದು ಹಾಡಿ ಎಂದರು. 1963ರ ಫೆಬ್ರವರಿ 11. ಬೆಳಿಗ್ಗೆ ಹತ್ತರಿಂದ ರಾತ್ರಿ ಹನ್ನೊಂದರ ಹತ್ತಿರದವರೆಗೆ, ಒಂದೇ ದಿನದಲ್ಲಿ ಎಲ್‌ಪಿಯ ಹತ್ತು ಹಾಡು. ಅವುಗಳಲ್ಲಿ ಆರು ಬೇರೆಯವರವು, ಹ್ಯಾಂಬರ್ಗಿನಲ್ಲೂ ಲಿವರ್‌ಪೂಲಿನಲ್ಲೂ ಹಾಡಿ ಹಾಡಿ ನಾಲಿಗೆಗೆ ಅಂಟಿದ್ದವು. ಇಂಜಿನಿಯರುಗಳು ಊಟಕ್ಕೆ ಹೋದಾಗಲೂ ಇವರು ಹಾಲು ಕುಡಿದು ಅಭ್ಯಾಸ ಮುಂದುವರಿಸಿದರು. ಜಾನ್‌ಗೆ ನೆಗಡಿ. 'ಟ್ವಿಸ್ಟ್ ಅಂಡ್ ಶೌಟ್' ಗಂಟಲು ಹರಿಯುವ ಹಾಡಾದ್ದರಿಂದ ಅದನ್ನು ಕೊನೆಗಿಟ್ಟುಕೊಂಡರು. ಒಮ್ಮೆ ಹಾಡಿದ. ಎರಡನೆಯ ಸಲ ಯತ್ನಿಸಿದಾಗ ದನಿಯೇ ಹೊರಡಲಿಲ್ಲ. ಮೊದಲ ಸಲದ್ದೇ ಎಲ್‌ಪಿಗೆ ಹೋಯಿತು. ಡೆಕ್ಕಾ ಆರಿಸಿಕೊಂಡಿದ್ದ ಟ್ರೆಮೆಲೋಸ್ ಅದೇ ವರ್ಷ ಇದೇ ಹಾಡನ್ನು ಹಾಡಿ ಪಟ್ಟಿಯ ನಾಲ್ಕನೆಯ ಸ್ಥಾನಕ್ಕೆ ಹೋದರು.

ಎಲ್‌ಪಿಯ ಮೊದಲ ಹಾಡು 'ಐ ಸಾ ಹರ್ ಸ್ಟ್ಯಾಂಡಿಂಗ್ ದೇರ್'. ಆರು ವಾರದ ಹಿಂದೆ ಸ್ಟಾರ್ ಕ್ಲಬ್ಬಿನ ಟೇಪಿನಲ್ಲೂ ಇದ್ದ ಹಾಡು. ಹಾಡಿಗೆ ಮುನ್ನ ತಂಡಕ್ಕೆ ವೇಗ ತೋರಿಸಲು ಒಂದರಿಂದ ನಾಲ್ಕು ಎಣಿಸುವುದು ರೂಢಿ. ಮುದ್ರಣದಲ್ಲಿ ಅದನ್ನು ಕತ್ತರಿ ಹಾಕಿ ಎಸೆಯುವುದೂ ರೂಢಿ. ಅಂದು ಒಂಬತ್ತನೆಯ ಯತ್ನದಲ್ಲಿ ಪಾಲ್ ಎಣಿಸಿದ್ದು ಮಾರ್ಟಿನ್‌ಗೆ ಇಷ್ಟವಾಯಿತು, ಹಾಡಿದ್ದು ಇಷ್ಟವಾದದ್ದು ಮೊದಲನೆಯದರಲ್ಲಿ. ಅವರು ಆ ಎಣಿಕೆಯ ಚೂರು ಟೇಪನ್ನು ಕತ್ತರಿಸಿ ತಂದು, ಮೊದಲನೆಯದರ ತಲೆಗೆ ಅಂಟಿಸಿದರು.